ಆಶ್ರಯ ದಾಸೋಹ: ಕಲ್ಪತರು ನಾಡಿನಲ್ಲಿ ನೆಲೆಯಿಲ್ಲದವರಿಗೆ ನೆಲೆ ದೊರೆತ ಬಗೆ

ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನು ಒಟ್ಟುಗೂಡಿಸಿ ತ್ರಿವಿಧ ದಾಸೋಹವೆಂದು ಕರೆಯುವ ವಾಡಿಕೆ ನಮ್ಮ ಸೀಮೆಯಲ್ಲಿ ಬೇರೂರಿದೆ. ಇವುಗಳಲ್ಲಿ ಅನ್ನದ ಮಹಿಮೆಯನ್ನು ಕೊಂಡಾಡಿದವರು ಅನೇಕರು. ಅಕ್ಷರದ ಮಹಿಮೆಯನ್ನು ಬರೆದವರೂ ಅನೇಕರು. ಆಶ್ರಯದ ಚರಿತ್ರೆಯನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ. ಹಸಿದವನಿಗೆ ಒಂದು ಹೊತ್ತು ಉಣಬಡಿಸುವುದು ಒಂದು ಗಳಿಗೆಯ ಕಾರ್ಯ; ನೆಲೆಯಿಲ್ಲದವನಿಗೆ ನೆಲೆ ಮಾಡಿಕೊಡುವುದು ವರ್ಷಗಟ್ಟಲೆ ಹೊರಬೇಕಾದ ಹೊಣೆ. ಆದುದರಿಂದಲೇ ಇದು ಮೂರರಲ್ಲಿ ಅತ್ಯಂತ ಕಠಿಣವಾದ ದಾಸೋಹ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿಯೂ, ಅದರೊಡನೆ ಸಂಬಂಧವಿರುವ ನಗರಗಳಲ್ಲಿಯೂ, ಮನೆಯಿಲ್ಲದ ಬಡವನಿಗೆ ಯಾರು, ಯಾವ ರೀತಿಯಲ್ಲಿ, ಯಾರ ಜಾಮೀನಿನ ಮೇಲೆ ಬಾಗಿಲು ತೆರೆದರು ಎಂಬುದನ್ನು ಈ ಲೇಖನದಲ್ಲಿ ಸ್ಥೂಲವಾಗಿ ಪರಿಶೀಲಿಸೋಣ.

ಬಾಡಿಗೆ ಎಂಬುದು ನಮ್ಮ ಗ್ರಾಮಜೀವನದಲ್ಲಿ ಬಹು ಪ್ರಾಚೀನವಾದುದಲ್ಲ. ಹಿಂದೆ ವಾಸದ ನೆಲೆಯು ಹಣದಿಂದ ದೊರೆಯುತ್ತಿರಲಿಲ್ಲ, ಸಂಬಂಧದಿಂದ ದೊರೆಯುತ್ತಿತ್ತು. ಹೊಯ್ಸಳರ ಕಾಲದಲ್ಲಿ ಅಗ್ರಹಾರವಾಗಿ ಬೆಳಗಿದ ತುರುವೇಕೆರೆಯಂತಹ ಊರುಗಳಲ್ಲಿ ವಿದ್ವಾಂಸರಿಗೆ ಭೂಮಿಯ ವೃತ್ತಿಗಳೂ ನಿವೇಶನಗಳೂ ದತ್ತಿಯಾಗಿ ದೊರೆಯುತ್ತಿದ್ದವು. ದಾರಿಹೋಕನಿಗೆ ಛತ್ರವಿತ್ತು, ಮಠವಿತ್ತು. ಅವೆರಡೂ ಇಲ್ಲದೆಡೆ ಗೃಹಸ್ಥನ ಮನೆಯ ಜಗಲಿಯಿತ್ತು. ಛತ್ರದ ನಿಯಮ ಸಾಮಾನ್ಯವಾಗಿ ಮೂರು ದಿನದ ವಾಸ್ತವ್ಯ. ಚಿಕ್ಕನಾಯಕನಹಳ್ಳಿಯ ಕಂಬಳಿ ನೇಯುವವನಿಗೆ ಮಗ್ಗದ ಮನೆಯೇ ವಾಸದ ಮನೆ. ಒಕ್ಕಲಿನ ಆಳಿಗಾದರೋ ಯಜಮಾನನ ತೋಟದ ಅಂಚಿನಲ್ಲಿ ತೆಂಗಿನ ಸೋಗೆ ಹೊದಿಸಿದ ಗುಡಿಸಲು. ಅದಕ್ಕೆ ಅವನು ಬಾಡಿಗೆ ಕೊಡುತ್ತಿರಲಿಲ್ಲ ನಿಜ; ಆದರೆ ಯಜಮಾನನ ಮನಸ್ಸು ಮುರಿದ ದಿನ ಅವನ ಸೂರೂ ಮುರಿಯುತ್ತಿತ್ತು. ಬಾಡಿಗೆಯಿಲ್ಲದ ಮನೆಗೆ ತೆರಬೇಕಾಗಿದ್ದ ಬೆಲೆ ಅದು. ಹಿಂದಿನ ಕಾಲವೆಲ್ಲ ಔದಾರ್ಯದ ಕಾಲವೆಂದು ಹೊಗಳುವವರು ಈ ಗುಡಿಸಲನ್ನು ಮರೆಯಬಾರದು.

೧೮೮೦ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರುಗಳ ಮಾರ್ಗವಾಗಿ ರೈಲುದಾರಿ ಹಾಸಿದ ಮೇಲೆ ಈ ಸೀಮೆಯ ಬಾಳು ಬೇರೊಂದು ತಿರುವನ್ನು ಪಡೆಯಿತು. ಕೊಬ್ಬರಿ ದೂರದ ಪೇಟೆಗಳಿಗೆ ಸಾಗಲು ಅನುಕೂಲವಾಯಿತು. ಕ್ರಮೇಣ ತಿಪಟೂರು ಕೊಬ್ಬರಿಯ ದೊಡ್ಡ ವ್ಯಾಪಾರಸ್ಥಳವಾಗಿ ಬೆಳೆಯಿತು. ಮಂಡಿ ಬಂದೆಡೆ ಗುಮಾಸ್ತ ಬಂದ, ಹಮಾಲಿ ಬಂದ. ಕಛೇರಿ ಬಂದೆಡೆ ನೌಕರ ಬಂದ. ಶಾಲೆ ಬಂದೆಡೆ ಹಳ್ಳಿಯ ಹುಡುಗ ಬಂದ. ಇವರಾರಿಗೂ ಆ ಊರಿನಲ್ಲಿ ತಾತ ಮುತ್ತಾತಂದಿರ ಮನೆಯಿರಲಿಲ್ಲ. ಮೂರು ದಿನದ ಛತ್ರ ಇವರಿಗೆ ಸಾಲದು; ಜಗಲಿ ಇವರಿಗೆ ಒಪ್ಪದು. ಹೀಗೆ ಬಾಡಿಗೆಯ ಕೊಠಡಿ ಎಂಬ ಹೊಸ ವಸ್ತು ಹುಟ್ಟಿತು. ಅದರ ಬೆನ್ನಿಗೇ ಬಾಡಿಗೆ ತೆರಲಾರದವನು ಏನು ಮಾಡಬೇಕು ಎಂಬ ಹೊಸ ಪ್ರಶ್ನೆಯೂ ಹುಟ್ಟಿತು.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಈ ಪ್ರಶ್ನೆ ಮತ್ತಷ್ಟು ತೀವ್ರವಾಯಿತು. ಇಕ್ಕಟ್ಟಾದ ಕೇರಿಗಳ ಗಾಳಿಬೆಳಕಿಲ್ಲದ ಮನೆಗಳು ಮೃತ್ಯುವಿಗೆ ನೆಲೆಯಾದುವು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡದ್ದು ಆ ಕಾಲದಲ್ಲಿ. ಅನುಕೂಲವಂತರು ಹೊಸ ಬಡಾವಣೆಗೆ ಹೋದರು. ಬಡವರು ಊರಹೊರಗಿನ ಗುಡಿಸಲುಗಳಲ್ಲಿ ದಿನ ನೂಕಿ, ಪಿಡುಗು ಇಳಿದ ಮೇಲೆ ಹಳೆಯ ಕೇರಿಗೇ ಮರಳಿದರು. ವಾಸಸ್ಥಳವು ಆರೋಗ್ಯದ ಪ್ರಶ್ನೆಯೂ ಹೌದು ಎಂಬುದನ್ನು ಮೈಸೂರು ಸೀಮೆ ಕಲಿತದ್ದು ಇಷ್ಟು ಕಠೋರವಾದ ಗುರುವಿನಿಂದ.

ಇಂತಹ ಸಂಧಿಕಾಲದಲ್ಲಿ ನಮ್ಮ ನೆರೆಯ ಗುಬ್ಬಿಯ ಒಬ್ಬ ವರ್ತಕರು ಮಾಡಿದ ಕಾರ್ಯವನ್ನು ಇಲ್ಲಿ ಸ್ಮರಿಸಲೇಬೇಕು. ೧೮೩೮ರಲ್ಲಿ ಜನಿಸಿದ ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರ ನಡೆಸಿ ಸಂಪಾದಿಸಿದ ಸಂಪತ್ತನ್ನು, ತಮಗೆ ಮಕ್ಕಳಿಲ್ಲದ ಕಾರಣ, ನಾಡಿನ ಮಕ್ಕಳಿಗೆ ಧಾರೆಯೆರೆದರು. ರೈಲುನಿಲ್ದಾಣದ ಸಮೀಪದಲ್ಲಿ ಅವರು ಕಟ್ಟಿಸಿದ ಧರ್ಮಛತ್ರವನ್ನು ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಅನಂತರ ಅಲ್ಲಿ ವಿದ್ಯಾರ್ಥಿನಿಲಯವೂ ನೆಲೆಗೊಂಡಿತು. ೧೯೧೦ರಲ್ಲಿ ಅವರು ಶಿವೈಕ್ಯರಾದರೂ ಆ ಸಂಸ್ಥೆ ನಿಲ್ಲಲಿಲ್ಲ.

ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಸ್ಥಳದ ಆಯ್ಕೆ. ಊರಿಂದ ಬಂದ ಅಪರಿಚಿತನು ರೈಲಿನಿಂದಿಳಿದು ಮೊದಲು ಎದುರಿಸುವ ಪ್ರಶ್ನೆ ‘ಈ ರಾತ್ರಿ ಎಲ್ಲಿ?’ ಎಂಬುದು, ಆ ಪ್ರಶ್ನೆ ಹುಟ್ಟುವ ಸ್ಥಳದಲ್ಲಿಯೇ ಉತ್ತರವನ್ನು ಕಟ್ಟಿಸಿದುದು ವರ್ತಕನ ವಿವೇಕ. ಎರಡನೆಯದು, ದತ್ತಿಯ ರಚನೆ. ದಾನಿಯ ಆಯುಷ್ಯದೊಡನೆ ದಾನವು ಮುಗಿಯದಂತೆ, ಧರ್ಮದರ್ಶಿಗಳ ಕೈಯಲ್ಲಿಟ್ಟ ಆಸ್ತಿಯ ಆದಾಯವು ಧರ್ಮವನ್ನು ಸಾಕುವಂತೆ ಮಾಡಿದುದು. ಅನ್ನದಾನಕ್ಕೆ ಭಕ್ತಿ ಸಾಕು. ಆಶ್ರಯದಾನಕ್ಕೆ ಭಕ್ತಿಯೊಡನೆ ಲೆಕ್ಕವೂ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿದ್ಯಾರ್ಥಿಗಳ ಪಾಡು ಆ ಕಾಲದಲ್ಲಿ ಹೇಗಿತ್ತೆಂಬುದು ಸುವಿದಿತ. ಊಟಕ್ಕೆ ವಾರಾನ್ನ: ವಾರದ ಏಳು ದಿನಕ್ಕೆ ಏಳು ಮನೆ. ಮಲಗಲು ದೇವಾಲಯದ ಪೌಳಿ, ಪರಿಚಿತರ ಅಟ್ಟ, ಇಲ್ಲವೆ ನಾಲ್ಕಾರು ಮಂದಿ ಸೇರಿ ಹಿಡಿದ ಕೊಠಡಿ. ಕೊಠಡಿ ದೊರೆತ ಮಾತ್ರಕ್ಕೆ ಕಷ್ಟ ಮುಗಿಯುತ್ತಿರಲಿಲ್ಲ. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರು ಸಂತೇಪೇಟೆಯ ಆನಂದಮಂದಿರದ ಕೊಠಡಿಯಲ್ಲಿ ವಾಸವಾಗಿದ್ದು ಕಾಯಿಲೆ ಬಿದ್ದಾಗ, ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಶ್ರೀ ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಆಶ್ರಯವಿತ್ತರು. ಕೊಠಡಿಗೆ ಬಾಡಿಗೆ ಕೊಡಬಹುದು. ಕಾಯಿಲೆ ಬಿದ್ದಾಗ ವಿಚಾರಿಸುವವರನ್ನು ಬಾಡಿಗೆಗೆ ತರಲಾಗದು. ವಸತಿ ಎಂಬುದಕ್ಕೂ ಆಶ್ರಯ ಎಂಬುದಕ್ಕೂ ಇರುವ ಅಂತರ ಇದೇ.

ಈ ಅಂತರವನ್ನು ಅರಿತು ನಡೆದವರಲ್ಲಿ ನಮ್ಮ ಜಿಲ್ಲೆಯ ಶ್ರೀ ಸಿದ್ಧಗಂಗಾ ಮಠ ಅಗ್ರಗಣ್ಯ. ಶ್ರೀ ಉದ್ದಾನ ಶಿವಯೋಗಿಗಳು ೧೯೧೭ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. ಓದುವವರಿಗೆ ಉಚಿತವಾದ ಪ್ರಸಾದ ನಿಲಯವೂ ಅದರೊಡನೆ ಬೆಳೆಯಿತು. ಅವರ ಉತ್ತರಾಧಿಕಾರಿಯಾಗಿ ೧೯೩೦ರಲ್ಲಿ ಆಯ್ಕೆಯಾದ ಶ್ರೀ ಶಿವಕುಮಾರ ಸ್ವಾಮಿಗಳವರು ಸ್ವತಃ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ ವಾಸವಾಗಿದ್ದವರು. ಪರರು ಕಟ್ಟಿದ ಸೂರಿನಡಿ ಓದಿದವರೊಬ್ಬರು ಮುಂದೆ ಸಾವಿರಾರು ಮಕ್ಕಳಿಗೆ ಸೂರಾದರು. ೨೦೧೯ರ ಜನವರಿ ೨೧ರಂದು ಅವರು ಲಿಂಗೈಕ್ಯರಾದಾಗ ಅಲ್ಲಿ ಆಶ್ರಯ ಪಡೆದಿದ್ದ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಸಾವಿರದ ಸಮೀಪದಲ್ಲಿತ್ತು. ಆ ಮಕ್ಕಳಲ್ಲಿ ಎಲ್ಲ ಜಾತಿಯವರೂ ಎಲ್ಲ ಮತದವರೂ ಇದ್ದರೆಂಬುದೇ ಸಂಖ್ಯೆಗಿಂತ ಮಿಗಿಲಾದ ಮಾತು.

ಇದನ್ನು ಒತ್ತಿ ಹೇಳಲು ಕಾರಣವುಂಟು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕರ್ನಾಟಕದ ಪಟ್ಟಣಗಳಲ್ಲಿ ಎದ್ದ ವಿದ್ಯಾರ್ಥಿನಿಲಯಗಳಲ್ಲಿ ಬಹಳಷ್ಟು ಆಯಾ ಸಮಾಜದವರು ತಮ್ಮ ತಮ್ಮ ಮಕ್ಕಳಿಗಾಗಿ ಕಟ್ಟಿದವು. ವೀರಶೈವರು, ಒಕ್ಕಲಿಗರು, ಇತರ ಸಮಾಜದವರು ಹಣ ಕೂಡಿಸಿ ನಿಲಯಗಳನ್ನು ಕಟ್ಟಿದರು; ೧೯೧೮ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯ ತರುವಾಯ ಹಿಂದುಳಿದವರ ವಿದ್ಯಾಭ್ಯಾಸಕ್ಕೆ ರಾಜಾಶ್ರಯವೂ ಹೆಚ್ಚಿತು. ಈ ನಿಲಯಗಳು ಇಲ್ಲದಿದ್ದರೆ ಹಳ್ಳಿಯ ಮಕ್ಕಳ ಒಂದು ತಲೆಮಾರೇ ಅಕ್ಷರದಿಂದ ವಂಚಿತವಾಗುತ್ತಿತ್ತು. ಆದರೆ ಜಾತಿಯ ಹೆಸರಿನಲ್ಲಿ ತೆರೆದ ಬಾಗಿಲು ಅದೇ ಹೆಸರಿನಲ್ಲಿ ಇನ್ನೊಬ್ಬನಿಗೆ ಮುಚ್ಚಿಯೂ ಇತ್ತು. ಧನಬಲವಿಲ್ಲದ, ಸಂಘಬಲವಿಲ್ಲದ, ಊರಹೊರಗಿನ ಕೇರಿಯ ಹುಡುಗನಿಗೆ ಸ್ವಜಾತಿಯ ನಿಲಯವೂ ಇರಲಿಲ್ಲ, ಪರಜಾತಿಯವರ ಬಾಡಿಗೆ ಕೊಠಡಿಯೂ ಇರಲಿಲ್ಲ.

ಈ ಸಂಗತಿಯ ಕ್ರೌರ್ಯವನ್ನು ತೋರಿಸಲು ಒಂದು ನಿದರ್ಶನ ಸಾಕು. ಅದೇ ೧೯೧೭ರಲ್ಲಿ, ಡಾಕ್ಟರ್ ಅಂಬೇಡ್ಕರ್ ಅವರು ವಿದೇಶದ ವ್ಯಾಸಂಗದಿಂದ ಮರಳಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಲಂಡನ್ನಿನಲ್ಲಿಯೂ ಓದಿದವರು, ಸಂಬಳವಿದ್ದವರು, ಬಾಡಿಗೆ ಕೊಡಬಲ್ಲವರು. ಆದರೂ ಆ ನಗರದಲ್ಲಿ ಅವರಿಗೆ ಒಂದು ಮನೆ ದೊರೆಯಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಕೆಲವು ದಿನ ತಂಗಿದ್ದರು. ಜಾತಿ ತಿಳಿದ ಮೇಲೆ ಕೋಲು ಹಿಡಿದು ಬಂದ ಗುಂಪು ಅವರನ್ನು ಅಲ್ಲಿಂದ ಹೊರಡಿಸಿತು. ಸಂಸ್ಥಾನದಿಂದಲೂ ಮನೆ ದೊರೆಯಲಿಲ್ಲ. ಸ್ನೇಹಿತರೂ ಜಾಗ ಕೊಡಲಿಲ್ಲ. ಅವರು ಬರೋಡಾವನ್ನೇ ಬಿಟ್ಟು ಮುಂಬಯಿಗೆ ಹಿಂದಿರುಗಬೇಕಾಯಿತು. ಈ ಪ್ರಸಂಗವನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಇದರಿಂದ ತಿಳಿಯಬೇಕಾದ ತತ್ತ್ವ ಯಾವುದು? ಮನೆ ದೊರೆಯದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ಬಾಡಿಗೆಯ ಹಣ ಒಂದು. ಹಣ ನಿಲ್ಲದೆಂಬುದಕ್ಕೆ ಜಾಮೀನು ಎರಡು. ಬಾಗಿಲು ತೆರೆಯುವ ಮನಸ್ಸು ಮೂರು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಬಾಗಿಲು ತೆರೆಯದು. ನಿರಾಶ್ರಿತರಿಗೆ ಮನೆ ಹುಡುಕಿಕೊಡಲು ಹೊರಟ ಯಾವ ಸಂಸ್ಥೆಯೇ ಆಗಲಿ, ಹಣವೊಂದನ್ನೇ ಕೊಟ್ಟು ಕೈತೊಳೆದುಕೊಂಡರೆ ಕಾರ್ಯ ಅರ್ಧದಲ್ಲಿಯೇ ನಿಂತಂತೆ. ಅಸ್ತು.

ಇನ್ನು ರಾಜ್ಯಾಡಳಿತದ ಕಡೆ ನೋಡೋಣ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ೧೯೧೮ರಲ್ಲಿ, ಮುಂಬಯಿಯಲ್ಲಿ ಬಾಡಿಗೆ ನಿರ್ಬಂಧದ ಕಾನೂನು ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂತಹ ನಿರ್ಬಂಧಗಳು ಭಾರತದ ಅನೇಕ ನಗರಗಳಿಗೆ ಹಬ್ಬಿದುವು. ಮೈಸೂರು ರಾಜ್ಯದಲ್ಲಿ ೧೯೫೧ರ ಶಾಸನವೂ, ಏಕೀಕರಣಾನಂತರ ೧೯೬೧ರ ಬಾಡಿಗೆ ನಿಯಂತ್ರಣ ಶಾಸನವೂ ಬಂದುವು. ೧೯೬೧ರ ಶಾಸನದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಏರ್ಪಾಡಿತ್ತು. ಅದು ಅನ್ವಯವಾಗುತ್ತಿದ್ದ ಪಟ್ಟಣಗಳಲ್ಲಿ ಮನೆ ಖಾಲಿಯಾದರೆ ಮಾಲೀಕನು ಹದಿನೈದು ದಿನಗಳೊಳಗೆ ಬಾಡಿಗೆ ನಿಯಂತ್ರಕರಿಗೆ ತಿಳಿಸಬೇಕಾಗಿತ್ತು. ನಿಯಂತ್ರಕರು ಆ ಮನೆಯನ್ನು ಸಾರ್ವಜನಿಕ ಅವಶ್ಯಕತೆಗಳನ್ನು ನೋಡಿ ಹಂಚಿಕೊಡಬಹುದಾಗಿತ್ತು. ಖಾಲಿ ಬಿದ್ದ ಮನೆ ಕೇವಲ ಒಡೆಯನ ಸ್ವತ್ತಲ್ಲ, ಅದರ ಮೇಲೆ ಊರಿನ ಅಗತ್ಯಕ್ಕೂ ಒಂದು ಹಕ್ಕುಂಟು ಎಂಬ ಭಾವನೆ ಅದರ ಹಿಂದಿತ್ತು.

ಭಾವನೆ ಉದಾತ್ತವಾದರೂ ಫಲ ಮಿಶ್ರವಾಯಿತು. ಬಾಡಿಗೆ ಏರಿಸಲಾಗದೆ, ಮನೆ ಬಿಡಿಸಲಾಗದೆ, ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಅಲೆದ ಮಾಲೀಕರು ಅನೇಕರು. ಅವರೆಲ್ಲ ಧನಿಕರಲ್ಲ, ಗಂಡನು ಬಿಟ್ಟುಹೋದ ಎರಡು ಕೊಠಡಿಗಳ ಬಾಡಿಗೆಯಿಂದ ಜೀವನ ಸಾಗಿಸುತ್ತಿದ್ದ ವಿಧವೆಯರೂ, ನಿವೃತ್ತರಾದ ಉಪಾಧ್ಯಾಯರೂ ಅವರಲ್ಲಿ ಇದ್ದರು. ಇದರ ಪರಿಣಾಮವಾಗಿ ಬಾಡಿಗೆಗೆ ಕೊಡುವುದಕ್ಕಿಂತ ಬೀಗ ಹಾಕಿಡುವುದೇ ಲೇಸೆಂಬ ಬುದ್ಧಿ ಬೆಳೆಯಿತು. ಆ ಶಾಸನವನ್ನು ತೆಗೆದು, ೧೯೯೯ರ ಕರ್ನಾಟಕ ಬಾಡಿಗೆ ಅಧಿನಿಯಮವನ್ನು ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ತರಲಾಯಿತು. ಆಗಲೇ ತಿಂಗಳಿಗೆ ದೊಡ್ಡ ನಗರಗಳಲ್ಲಿ ೩,೫೦೦ ರೂಪಾಯಿಗಳಿಗೂ, ಇತರೆಡೆ ೨,೦೦೦ ರೂಪಾಯಿಗಳಿಗೂ ಮೇಲ್ಪಟ್ಟ ಬಾಡಿಗೆಯ ವಾಸದ ಮನೆಗಳು ಅದರ ವ್ಯಾಪ್ತಿಯಿಂದ ಹೊರಗುಳಿದುವು. ಬೆಲೆಗಳು ಏರಿದಂತೆಲ್ಲ ಆ ಮಿತಿಗಳೊಳಗೆ ದೊರೆಯುವ ಮನೆಗಳೇ ವಿರಳವಾದುವು. ಹೀಗೆ ಒಂದು ಕಾನೂನು ಮಾಲೀಕನನ್ನು ಹೆದರಿಸಿತು. ಇನ್ನೊಂದು ಬಾಡಿಗೆದಾರನನ್ನು ಮಾರುಕಟ್ಟೆಯ ಪಾಲಿಗೆ ಬಿಟ್ಟಿತು. ಇಬ್ಬರ ನಡುವೆ ನಿಂತು ವಿಶ್ವಾಸ ಹುಟ್ಟಿಸುವ ಕೆಲಸವನ್ನು ಯಾವ ಕಾನೂನೂ ಮಾಡಲಿಲ್ಲ. ಅದು ಕಾನೂನಿನಿಂದ ಆಗುವ ಕೆಲಸವೂ ಅಲ್ಲ.

ಗ್ರಾಮಾಂತರದಲ್ಲಿ ಮಾತ್ರ ಒಂದು ಮಹತ್ತ್ವದ ಬದಲಾವಣೆ ಆಯಿತು. ದೇವರಾಜ ಅರಸರ ಆಡಳಿತದಲ್ಲಿ ೧೯೭೪ರಲ್ಲಿ ಭೂಸುಧಾರಣಾ ಶಾಸನ ತಿದ್ದುಪಡಿಯಾದಾಗ, ಪರರ ನೆಲದಲ್ಲಿ ವಾಸವಾಗಿದ್ದ ಕೃಷಿ ಕಾರ್ಮಿಕನು ತನ್ನ ವಾಸದ ಮನೆಗೆ ಒಡೆಯನಾಗಿ ನೋಂದಾಯಿಸಿಕೊಳ್ಳಲು ಅವಕಾಶ ದೊರೆಯಿತು. ೧೯೭೬ರಲ್ಲಿ ಜೀತಪದ್ಧತಿಯನ್ನು ಶಾಸನದ ಮೂಲಕ ರದ್ದುಗೊಳಿಸಲಾಯಿತು. ಮೊದಲು ಹೇಳಿದ ತೋಟದಂಚಿನ ಗುಡಿಸಲಿಗೆ ಶತಮಾನಗಳ ತರುವಾಯ ದೊರೆತ ಉತ್ತರ ಇದು. ಅಸ್ಪೃಶ್ಯತೆಯ ಅಪರಾಧಗಳನ್ನು ಕುರಿತ ೧೯೫೫ರ ಶಾಸನವು, ಯಾವುದೇ ಬಡಾವಣೆಯಲ್ಲಿ ವಾಸದ ಮನೆಯನ್ನು ಕಟ್ಟಲು, ಕೊಳ್ಳಲು, ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದನ್ನು ದಂಡನಾರ್ಹವೆಂದು ಸಾರಿತು. ಬರೆದ ಮಾತು ಬಲವಾದುದೇ. ಆದರೆ ‘ಮನೆ ಖಾಲಿಯಿಲ್ಲ’ ಎಂಬ ಸೌಮ್ಯವಾದ ಸುಳ್ಳನ್ನು ಯಾವ ಪೊಲೀಸನು ಹಿಡಿಯಬಲ್ಲನು? ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಇಂದಿಗೂ ಬಾಡಿಗೆಯ ಮೊತ್ತಕ್ಕಿಂತ ಮೊದಲು ಬರುವುದುಂಟು. ಇದನ್ನು ಬಲ್ಲವರಿಗೆ ವಿವರಣೆ ಬೇಕಿಲ್ಲ.

ಸಮಾಜಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ತಾಲ್ಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ತೆರೆದುದು ದೊಡ್ಡ ಸಾಧನೆ. ಸ್ವಂತ ಕಟ್ಟಡವಿಲ್ಲದೆಡೆ ಅವು ಬಾಡಿಗೆ ಕಟ್ಟಡಗಳಲ್ಲಿ ನಡೆಯಬೇಕು. ಬಾಡಿಗೆಯನ್ನು ಲೋಕೋಪಯೋಗಿ ಇಲಾಖೆ ನಿಗದಿ ಮಾಡಬೇಕು. ಪೇಟೆಯ ದರಕ್ಕೂ ಆ ದರಕ್ಕೂ ಹೊಂದಿಕೆಯಾಗದಿದ್ದರೆ ಮಾಲೀಕನು ಒಪ್ಪನು. ನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ನೆರವಾಗಲೆಂದು ೨೦೧೩-೧೪ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯು ಊಟ ವಸತಿಗಳಿಗೆಂದು ತಿಂಗಳಿಗೆ ೧,೫೦೦ ರೂಪಾಯಿಗಳಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ ೧೫,೦೦೦ ರೂಪಾಯಿಗಳನ್ನು ಗೊತ್ತುಪಡಿಸಿತು. ಇದು ಮೇಲೆ ಹೇಳಿದ ಮೂರರಲ್ಲಿ ಮೊದಲನೆಯದಾದ ಹಣಕ್ಕೆ ಸಂದ ಉತ್ತರ. ಜಾಮೀನು ಮತ್ತು ಮನಸ್ಸು ಎಂಬ ಉಳಿದೆರಡು ಸಮಾಜದ ಪಾಲಿಗೇ ಉಳಿದಿವೆ. ಕೇಂದ್ರ ಸಂಪುಟವು ೨೦೨೧ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಶಾಸನವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಕೂಡದೆಂದಿತು. ಆದರೆ ಮಾದರಿಯನ್ನು ಒಪ್ಪುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಹತ್ತು ತಿಂಗಳ ಮುಂಗಡ ಕೇಳುವ ರೂಢಿಯನ್ನು ಬೆಂಗಳೂರಿನಲ್ಲಿ ಕಂಡವರಿಗೆ, ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುವ ಪದ್ಧತಿಯನ್ನು ನಮ್ಮ ಊರುಗಳಲ್ಲಿ ಬಲ್ಲವರಿಗೆ, ಬಡವನ ಪಾಲಿಗೆ ಮೊದಲ ದಿನದ ಗಂಟೇ ತಿಂಗಳ ಬಾಡಿಗೆಗಿಂತ ದೊಡ್ಡ ಗೋಡೆಯೆಂಬುದು ಗೊತ್ತು.

ಇತಿಹಾಸವನ್ನು ಓದುವುದು ಕೇವಲ ಕಳೆದುದನ್ನು ಸ್ಮರಿಸುವುದಕ್ಕಲ್ಲ. ಮುಂದೆ ಮಾಡಬೇಕಾದುದನ್ನು ಅರಿಯುವುದಕ್ಕೂ ಹೌದು. ತಿಪಟೂರು ಈಗ ಉಪವಿಭಾಗದ ಕೇಂದ್ರ, ಕಾಲೇಜುಗಳಿರುವ ಊರು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳ್ಳಿಗಳಿಂದ ಅಲ್ಲಿಗೆ ಬರುವ ಹೆಣ್ಣುಮಕ್ಕಳು, ಮನೆಗೆಲಸದ ತಾಯಂದಿರು, ಗಂಡನ ಮನೆಯಿಂದ ಹೊರಬಂದ ಹೆಂಗಸರು, ಮಕ್ಕಳು ದೂರವಾದ ವೃದ್ಧರು, ಇವರಿಗೆಲ್ಲ ಅರಮನೆ ಬೇಡ, ಒಂದು ಕೊಠಡಿ ಸಾಕು. ಅದೇ ಸಮಯದಲ್ಲಿ ಮಕ್ಕಳು ಬೆಂಗಳೂರು ಸೇರಿದ ಕಾರಣ ಬೀಗ ಬಿದ್ದ ತೊಟ್ಟಿಮನೆಗಳು ನಮ್ಮ ಹಳ್ಳಿ ಪಟ್ಟಣಗಳಲ್ಲಿ ಇವೆ. ಒಂದೆಡೆ ಮನೆಯಿಲ್ಲದ ಜನ, ಇನ್ನೊಂದೆಡೆ ಜನವಿಲ್ಲದ ಮನೆ. ಇವೆರಡನ್ನೂ ಕೂಡಿಸಲು ಹೊಸದಾಗಿ ಇಟ್ಟಿಗೆ ಸುಣ್ಣ ಬೇಕಾಗಿಲ್ಲ. ನಡುವೆ ನಿಲ್ಲುವವರು ಬೇಕು.

ಆ ನಡುವೆ ನಿಲ್ಲುವ ಯೋಗ್ಯತೆ ಮಠಗಳಿಗೂ, ಸಹಕಾರ ಸಂಘಗಳಿಗೂ, ಸೇವಾಸಂಸ್ಥೆಗಳಿಗೂ ಉಂಟು. ಮಾಲೀಕನು ಅಪರಿಚಿತನಾದ ಬಡವನನ್ನು ನಂಬದಿರಬಹುದು, ಸಂಸ್ಥೆಯನ್ನು ನಂಬುತ್ತಾನೆ. ಆದುದರಿಂದ ಸಂಸ್ಥೆಯೇ ತನ್ನ ಹೆಸರಿನಲ್ಲಿ ಮನೆಯನ್ನು ಕರಾರುಪತ್ರ ಬರೆದು ಹಿಡಿಯಲಿ. ಬಾಡಿಗೆ ತಿಂಗಳು ತಿಂಗಳು ತಪ್ಪದೆ ಸಲ್ಲುವುದಕ್ಕೂ, ಮನೆ ಕೆಡದಂತೆ ನೋಡಿಕೊಳ್ಳುವುದಕ್ಕೂ, ಅವಧಿ ಮುಗಿದಾಗ ತಕರಾರಿಲ್ಲದೆ ಬಿಟ್ಟುಕೊಡುವುದಕ್ಕೂ ತಾನೇ ಹೊಣೆಯಾಗಲಿ. ಮುಂಗಡದ ಹಣಕ್ಕಾಗಿ ಒಂದು ಸಣ್ಣ ನಿಧಿಯಿರಲಿ. ಮುಂಗಡವು ಹಿಂದಿರುಗಿ ಬರುವ ಹಣವಾದುದರಿಂದ ಒಮ್ಮೆ ಕೂಡಿಸಿದ ನಿಧಿ ಒಬ್ಬರಾದ ಮೇಲೊಬ್ಬರಿಗೆ ಒದಗುತ್ತದೆ. ತೋಟದಪ್ಪನವರ ಲೆಕ್ಕದ ಬುದ್ಧಿಯನ್ನು ಸ್ಮರಿಸಬೇಕಾದುದು ಇಲ್ಲಿ. ಮಾಲೀಕನ ಭಯವನ್ನು ನಿಂದಿಸಿ ಫಲವಿಲ್ಲ, ಅದನ್ನು ನೀಗಬೇಕು. ಜಾತಿಯ ಪ್ರಶ್ನೆಗಾದರೋ ರಾಜಿಯಿಲ್ಲ. ಸಂಸ್ಥೆ ಹಿಡಿದ ಮನೆಯಲ್ಲಿ ಯಾರಿರಬೇಕೆಂಬುದನ್ನು ಅವಶ್ಯಕತೆ ನಿರ್ಣಯಿಸಬೇಕೇ ಹೊರತು ಕುಲವಲ್ಲ. ಈ ಮಾತನ್ನು ಮಠಗಳು ತಮ್ಮ ಸ್ವಂತ ಕಟ್ಟಡಗಳಲ್ಲಿ ಮೊದಲು ನಡೆಸಿ ತೋರಿಸಿದರೆ ಮಾತ್ರ ಪರರಿಗೆ ಹೇಳುವ ಅಧಿಕಾರ ಬರುತ್ತದೆ.

ಉಂಡೆ ಕೊಬ್ಬರಿಯ ವಿಚಾರ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಮಳೆ ಬೀಳದಂತೆ, ಇಲಿ ಮುಟ್ಟದಂತೆ, ಗಾಳಿಯಾಡುವಂತೆ ನೋಡಿಕೊಂಡು, ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುವ ತನಕ ಯಾರೂ ಅವಸರಪಡುವುದಿಲ್ಲ. ನಮ್ಮ ಬಾಡಿಗೆ ಕರಾರುಗಳೂ ಹನ್ನೊಂದು ತಿಂಗಳಿನವೇ. ಒಂದು ವರ್ಷಕ್ಕೆ ಮೀರಿದ ಗೇಣಿಗೆ ೧೯೦೮ರ ನೋಂದಣಿ ಶಾಸನದಂತೆ ನೋಂದಣಿ ಬೇಕಾಗುವುದರಿಂದ ಬಂದ ರೂಢಿ ಅದು. ಒಂದು ತೆಂಗಿನಕಾಯಿ ಹಣ್ಣಾಗಲು ಕೊಡುವಷ್ಟು ಅವಕಾಶವನ್ನು, ಆ ಅಟ್ಟದಷ್ಟು ಇಂಬನ್ನು, ಅಷ್ಟೇ ತಾಳ್ಮೆಯನ್ನು ಓದುವ ಒಬ್ಬ ಹುಡುಗಿಗೆ, ದುಡಿಯುವ ಒಬ್ಬ ತಾಯಿಗೆ ಕೊಡಲಾರದಷ್ಟು ಈ ಕಲ್ಪತರುವಿನ ನಾಡು ಬಡವಾಗಿಲ್ಲ. ಬೀಗ ಹಾಕಿದ ಮನೆಯುಳ್ಳ ಸದ್ಭಕ್ತರು ಇದನ್ನು ವಿಚಾರಿಸಬೇಕು. ಸಂಸ್ಥೆಗಳನ್ನು ನಡೆಸುವವರು ತಮ್ಮ ಮುಂದಿನ ಸಭೆಯಲ್ಲಿಯೇ ಇದನ್ನು ಎತ್ತಿಕೊಳ್ಳಬೇಕು.